ಕೆಚ್ಚಲು ಬಾವಿನ ಹಾಲಿನಿಂದ ಬ್ಯಾಕ್ಟೀರಿಯಾದ ಪ್ರಭೇದ ಗುರುತಿಸುವುದು ಹೇಗೆ: ಪ್ರಯೋಗಾಲಯದವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತಲಿನ ಸಣ್ಣ ಪ್ರಯೋಗಾಲಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಪ್ರಾಜೆಕ್ಟಿಗಾಗಿ ಹಾಲಿನ ಮಾದರಿ ತೆಗೆಯುವ ವಿದ್ಯಾರ್ಥಿಗಳು ನನ್ನ ಬಳಿಗೆ ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪರೀಕ್ಷೆಗಳನ್ನೆಲ್ಲ ಪುಸ್ತಕದಲ್ಲಿದ್ದಂತೆ ಮಾಡಿದ್ದಾರೆ, ಆದರೆ ಬಂದ ಫಲಿತಾಂಶ ಯಾವ ಪಟ್ಟಿಗೂ ಹೊಂದುತ್ತಿಲ್ಲ. ಅವರ ಪ್ಲೇಟ್ ತರಿಸಿ ನೋಡಿದರೆ ದೋಷ ಕೊನೆಯ ಪರೀಕ್ಷೆಯಲ್ಲಿ ಇರುವುದು ಅಪರೂಪ. ಅದು ಎರಡು ದಿನ ಹಿಂದೆ, ಕಾಲೊನಿ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಮೂಡುವ ಚುಕ್ಕೆ) ಆರಿಸುವಾಗಲೋ ಅದಕ್ಕೂ ಮೊದಲು ಹಟ್ಟಿಯಲ್ಲಿ ಹಾಲು ಹಿಡಿಯುವಾಗಲೋ ಆಗಿಹೋಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಪರೀಕ್ಷೆಗಳಿಗಿಂತ ಅವುಗಳ ಕ್ರಮಕ್ಕೆ, ಕ್ರಮಕ್ಕಿಂತ ಶುದ್ಧವಾದ ಕಾಲೊನಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಕೆಲಸ ಶುರುಮಾಡುವ ಮೊದಲು ಕೈಗೆ ಸಿಗಬೇಕಾದವು

ಶೇಕಡ 5 ಕುರಿ ರಕ್ತ ಸೇರಿಸಿದ ಬ್ಲಡ್ ಅಗಾರ್, ಮೆಕಾಂಕಿ ಅಗಾರ್, 10 ಮೈಕ್ರೋಲೀಟರ್ ಲೂಪ್, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲುವ ಇನ್ಕ್ಯುಬೇಟರ್, ಗ್ರಾಂ ಬಣ್ಣಗಳು, ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್, ಶೇಕಡ 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಆಕ್ಸಿಡೇಸ್ ಡಿಸ್ಕ್, ಇ.ಡಿ.ಟಿ.ಎ. ಹಾಕಿದ ಮೊಲದ ಪ್ಲಾಸ್ಮಾ, ಇಂಡೋಲ್‌ನಿಂದ ಸಿಟ್ರೇಟ್‌ವರೆಗಿನ ನಾಲ್ಕು ಪರೀಕ್ಷೆಗಳ (ಇಂಡೋಲ್, ಮೀಥೈಲ್ ರೆಡ್, ವೋಗ್ಸ್–ಪ್ರಾಸ್ಕಾವರ್, ಸಿಟ್ರೇಟ್) ಮಾಧ್ಯಮ ಮತ್ತು ದ್ರಾವಣಗಳು, ಚಲನೆ ನೋಡುವ ಮಾಧ್ಯಮ, ಎಸ್ಕ್ಯುಲಿನ್ ಮಾಧ್ಯಮ, ಶೇಕಡ 6.5 ಉಪ್ಪಿನ ಬ್ರಾತ್ (ದ್ರವ ಮಾಧ್ಯಮ) ಮತ್ತು ಟಿ.ಎಸ್.ಐ. (ಮೂರು ಸಕ್ಕರೆ ಮತ್ತು ಕಬ್ಬಿಣದ ಅಂಶವಿರುವ) ಅಗಾರ್ ಇದ್ದರೆ ಕೆಚ್ಚಲು ಬಾವಿನ ಸಾಮಾನ್ಯ ಪ್ರಭೇದಗಳಿಗೆ ಸಾಕು. ಇವುಗಳ ಜೊತೆಗೆ ಎರಡು ನಿಯಂತ್ರಣ ತಳಿಗಳು (ಫಲಿತಾಂಶ ಮೊದಲೇ ಗೊತ್ತಿರುವ ತಳಿಗಳು) ಇರಲೇಬೇಕು: ಸ್ಟಫೈಲೋಕಾಕಸ್ ಆರಿಯಸ್ ಎ.ಟಿ.ಸಿ.ಸಿ. 25923 ಮತ್ತು ಇ. ಕೋಲೈ ಎ.ಟಿ.ಸಿ.ಸಿ. 25922. ಹೊಸ ಬಾಟಲಿ ತೆರೆದ ದಿನ ಈ ಎರಡರ ಮೇಲೆ ಪರೀಕ್ಷೆ ಮಾಡಿ ನೋಡದೆ ಮಾದರಿಗೆ ಕೈ ಹಾಕಬಾರದು.

ರಕ್ತದ ವಿಷಯದಲ್ಲಿ ಒಂದು ಎಚ್ಚರಿಕೆ. ಕರಾವಳಿಯಲ್ಲಿ ಕುರಿ ಸಾಕುವವರು ಕಡಿಮೆ, ಹಾಗಾಗಿ ಕೆಲವರು ಅವಧಿ ಮೀರಿದ ಮನುಷ್ಯರ ರಕ್ತದ ಚೀಲ ತಂದು ಬ್ಲಡ್ ಅಗಾರ್ ಮಾಡುತ್ತಾರೆ. ಅದರಲ್ಲಿರುವ ಸಿಟ್ರೇಟ್, ಪ್ರತಿಕಾಯಗಳು ಮತ್ತು ರಕ್ತ ಕೊಟ್ಟವರು ನುಂಗಿದ್ದ ಆಂಟಿಬಯಾಟಿಕ್ ಬೆಳವಣಿಗೆಯನ್ನೇ ತಡೆಯಬಹುದು. ಹಿಮೊಲಿಸಿಸ್ (ಬ್ಯಾಕ್ಟೀರಿಯಾ ರಕ್ತಕಣ ಒಡೆದು ಕಾಲೊನಿಯ ಸುತ್ತ ಮೂಡುವ ವಲಯ) ಕೂಡ ಕುರಿ ರಕ್ತದಲ್ಲಿ ಕಾಣುವಂತೆ ಕಾಣುವುದಿಲ್ಲ. ಕುರಿ ರಕ್ತ ಸಿಗದಿದ್ದರೆ ಸಿದ್ಧ ಪ್ಲೇಟ್‌ಗಳನ್ನು ತರಿಸಿಕೊಳ್ಳುವುದೇ ಲೇಸು. ಸ್ವತಃ ಮಾಡುವುದಾದರೆ ಅಗಾರ್ 45ರಿಂದ 50 ಡಿಗ್ರಿಗೆ ಇಳಿದ ಮೇಲೆ ರಕ್ತ ಸೇರಿಸಿ. ಬಿಸಿ ಹೆಚ್ಚಿದ್ದರೆ ಕಣಗಳು ಒಡೆದು ಪ್ಲೇಟ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಗ ಹಿಮೊಲಿಸಿಸ್ ಓದುವ ಮಾತೇ ಇಲ್ಲ. ಮಾಧ್ಯಮಕ್ಕೆ ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು.

## ಹಂತ 1: ಹಟ್ಟಿಯಲ್ಲಿ ಹಾಲು ಹಿಡಿಯುವುದು

ಆಂಟಿಬಯಾಟಿಕ್ ಚುಚ್ಚುವ ಮೊದಲೇ ಮಾದರಿ ತೆಗೆಯಬೇಕು. ಚುಚ್ಚಿ ಆಗಿದ್ದರೆ ಚೀಟಿಯಲ್ಲಿ ಔಷಧಿಯ ಹೆಸರು, ದಿನಾಂಕ ಬರೆಯಿಸಿಕೊಳ್ಳಿ, ಏಕೆಂದರೆ ನಂತರ 'ಬೆಳವಣಿಗೆ ಇಲ್ಲ' ಎಂದು ಬರುವ ಫಲಿತಾಂಶದ ಅರ್ಥ ಆ ಒಂದು ಸಾಲನ್ನೇ ಅವಲಂಬಿಸಿರುತ್ತದೆ.

ನಮ್ಮ ಕಡೆಯ ಹಟ್ಟಿಗಳಲ್ಲಿ ಸೊಪ್ಪು ಹಾಸುವ ರೂಢಿ ಇನ್ನೂ ಇದೆ. ಮಳೆಗಾಲದಲ್ಲಿ ಆ ಸೊಪ್ಪು, ಸಗಣಿ, ಗಂಜಲ ಎಲ್ಲ ಸೇರಿ ಕೆಚ್ಚಲಿಗೆ ಮೆತ್ತಿಕೊಂಡಿರುತ್ತದೆ. ಕೆಚ್ಚಲಿಗೆ ಪೂರ್ತಿ ನೀರು ಹೊಯ್ದು ತೊಳೆದ ಕೂಡಲೇ ಹಾಲು ಹಿಡಿದರೆ ಮೇಲಿನಿಂದ ಇಳಿಯುವ ಹನಿಗಳು ನೇರ ಟ್ಯೂಬಿಗೆ ಬೀಳುತ್ತವೆ. ಕೊಳೆ ಬಹಳ ಇದ್ದರೆ ಮಾತ್ರ ತೊಳೆದು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಅನಂತರ ಶೇಕಡ 70ರ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಉಜ್ಜಿ, ಹತ್ತಿಗೆ ಕೊಳೆ ಹತ್ತದಿರುವ ತನಕ ಹೊಸ ಹೊಸ ಹತ್ತಿ ಬಳಸಿ.

ಒರೆಸುವಾಗ ನಿಮ್ಮಿಂದ ದೂರದ ತೊಟ್ಟುಗಳನ್ನು ಮೊದಲು, ಹತ್ತಿರದವನ್ನು ನಂತರ ಒರೆಸಿ. ಹಾಲು ಹಿಡಿಯುವಾಗ ಇದು ತಿರುವುಮುರುವು: ಹತ್ತಿರದ್ದು ಮೊದಲು, ದೂರದ್ದು ನಂತರ. ಹೀಗೆ ಮಾಡಿದರೆ ಒರೆಸಿಟ್ಟ ತೊಟ್ಟಿಗೆ ನಿಮ್ಮ ತೋಳು ತಾಗುವುದಿಲ್ಲ. ಮೊದಲ ಎರಡು ಮೂರು ಹಿಂಡುಗಳನ್ನು ಬೇರೆ ಪಾತ್ರೆಗೆ ಬಿಡಿ. ಟ್ಯೂಬನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ, ಬಹುತೇಕ ಮಲಗಿಸಿದಂತೆ ಹಿಡಿದು, ಮುಚ್ಚಳದ ಒಳಭಾಗ ಕೆಳಮುಖವಾಗಿರುವಂತೆ ಬೆರಳ ಸಂದಿಯಲ್ಲಿ ಇಟ್ಟುಕೊಂಡು, 3ರಿಂದ 5 ಮಿಲಿಲೀಟರ್ ಹಿಡಿದರೆ ಸಾಕು. ತುಂಬಿಸಲು ಹೋಗಬೇಡಿ.

ಪ್ರತಿ ತೊಟ್ಟಿಗೂ ಬೇರೆ ಟ್ಯೂಬ್ ಇರಲಿ. ನಾಲ್ಕರ ಹಾಲನ್ನೂ ಒಂದಕ್ಕೆ ಸೇರಿಸಿ ತಂದು 'ಯಾವ ಬ್ಯಾಕ್ಟೀರಿಯಾ' ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಐಸ್ ಡಬ್ಬಿಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿ ಇಟ್ಟು 24 ಗಂಟೆಯೊಳಗೆ ಪ್ಲೇಟಿಗೆ ಹಾಕಬೇಕು. ಕುಂದಾಪುರದ ಒಳಗಿನ ಊರಿಂದ ಬೈಕಿನ ಡಬ್ಬಿಯಲ್ಲಿ ಐಸ್ ಇಲ್ಲದೆ ಬಂದ ಮಾದರಿಯನ್ನು ಸ್ವೀಕರಿಸದೆ ಇರುವುದೇ ರೈತರಿಗೆ ಮಾಡುವ ಉಪಕಾರ. ಅದರಲ್ಲಿ ಬೆಳೆಯುವುದು ದಾರಿಯಲ್ಲಿ ಹೆಚ್ಚಾದ ಕೋಲಿಫಾರಂಗಳು, ರೋಗಕ್ಕೆ ಕಾರಣವಾದದ್ದಲ್ಲ. ಮಾದರಿಯನ್ನು ಹೆಪ್ಪುಗಟ್ಟಿಸಿ ಇಡಬಹುದಾದರೂ ಇ. ಕೋಲೈ ಸಂಖ್ಯೆ ಆಗ ಕುಸಿಯಬಹುದು ಎಂಬುದು ನೆನಪಿರಲಿ.

## ಹಂತ 2: ಪ್ಲೇಟಿಗೆ ಹಾಕುವುದು ಮತ್ತು ಮೊದಲ ಓದು

ಟ್ಯೂಬನ್ನು ಮೆಲ್ಲಗೆ ಹತ್ತಾರು ಬಾರಿ ತಲೆಕೆಳಗು ಮಾಡಿ, ಕೆನೆ ಹಾಲಿನೊಂದಿಗೆ ಬೆರೆಯಲಿ. ಬ್ಯಾಕ್ಟೀರಿಯಾ ಕೆನೆಯ ಜೊತೆ ಮೇಲೇರಿರುತ್ತದೆ. 10 ಮೈಕ್ರೋಲೀಟರ್ ಲೂಪಿನಿಂದ ಬ್ಲಡ್ ಅಗಾರ್ ಮತ್ತು ಮೆಕಾಂಕಿ ಎರಡಕ್ಕೂ ಹಾಕಿ, ಪ್ಲೇಟನ್ನು ತಲೆಕೆಳಗಾಗಿ ಇನ್ಕ್ಯುಬೇಟರಿನಲ್ಲಿ ಇಡಿ.

ಮಂಗಳೂರಿನ ಸೆಕೆಗೆ ಸಂಬಂಧಿಸಿದ ಒಂದು ತೊಂದರೆಯನ್ನು ಇಲ್ಲೇ ಹೇಳಬೇಕು. ಫ್ರಿಜ್ಜಿನಿಂದ ತೆಗೆದ ಪ್ಲೇಟಿನ ಮುಚ್ಚಳದೊಳಗೆ ಕ್ಷಣದಲ್ಲಿ ನೀರು ಕೂರುತ್ತದೆ. ಆ ಒಂದು ಹನಿ ಜಾರಿ ಅಗಾರ್ ಮೇಲೆ ಹರಿದರೆ ಬಿಡಿ ಕಾಲೊನಿಗಳು ಒಂದಕ್ಕೊಂದು ಸೇರಿಕೊಂಡುಬಿಡುತ್ತವೆ. ಬಳಸುವ ಮೊದಲು ಪ್ಲೇಟನ್ನು ಇನ್ಕ್ಯುಬೇಟರಿನಲ್ಲಿ ಮುಚ್ಚಳ ಓರೆ ಮಾಡಿ ಅರ್ಧ ಗಂಟೆ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಸ್ಟಿನ ಕಾಟವೂ ಇರುವುದರಿಂದ ಪ್ರತಿ ಕಂತಿನ ಒಂದು ಪ್ಲೇಟನ್ನು ಏನೂ ಹಾಕದೆ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

24 ಗಂಟೆಗೆ ಒಮ್ಮೆ, 48 ಗಂಟೆಗೆ ಇನ್ನೊಮ್ಮೆ ಓದಬೇಕು. ಟ್ರುಪರೆಲ್ಲ ಪಯೋಜಿನಿಸ್‌ನಂಥವು ಮೊದಲ ದಿನ ಕಣ್ಣಿಗೆ ಬೀಳುವುದೇ ಕಷ್ಟ, ಆದ್ದರಿಂದ 24 ಗಂಟೆಗೆ ಪ್ಲೇಟ್ ಎಸೆಯುವವರು ಅದನ್ನು ಎಂದೂ ಕಾಣಲಾರರು. ಒಂದು ತೊಟ್ಟಿನ ಹಾಲಿನಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಾಲೊನಿ ಕಂಡರೆ ಮಾದರಿ ಕಲುಷಿತವಾಗಿದೆ ಎಂದು ಬರೆದು ಹೊಸದನ್ನು ಕೇಳಿ. ಅವುಗಳ ಪೈಕಿ ಹೆಚ್ಚು ಇರುವುದಕ್ಕೆ ಹೆಸರು ಕೊಟ್ಟು ವರದಿ ಕಳಿಸುವುದು ದೊಡ್ಡ ತಪ್ಪು.

ಏನೂ ಬೆಳೆಯದಿದ್ದರೆ ಗಾಬರಿ ಬೇಡ. ಸ್ಟಫೈಲೋಕಾಕಸ್ ಆರಿಯಸ್ ದಿನಕ್ಕೊಂದು ಪ್ರಮಾಣದಲ್ಲಿ ಹಾಲಿಗೆ ಬರುತ್ತದೆ, ಹಾಗಾಗಿ ಒಂದು ನಕಾರಾತ್ಮಕ ಮಾದರಿಯಿಂದ ಅದು ಇಲ್ಲವೆನ್ನಲಾಗದು. ಇ. ಕೋಲೈ ಬಾವಿನಲ್ಲಿ ಹಸುವಿನ ದೇಹವೇ ಬ್ಯಾಕ್ಟೀರಿಯಾವನ್ನು ಅಷ್ಟರಲ್ಲಿ ತೆರವು ಮಾಡಿರಬಹುದು. ಮೈಕೊಪ್ಲಾಸ್ಮಾ, ಲೆಪ್ಟೊಸ್ಪೈರಾ ಈ ಪ್ಲೇಟುಗಳಲ್ಲಿ ಬೆಳೆಯುವುದೇ ಇಲ್ಲ.

## ಹಂತ 3: ಶುದ್ಧ ಕಾಲೊನಿ

ಇಲ್ಲಿ ನಿಧಾನ ಬೇಕು. ನಮ್ಮಲ್ಲಿ ತರಬೇತಿಗೆ ಬಂದಿದ್ದ ಒಬ್ಬಳು ವಿದ್ಯಾರ್ಥಿನಿ ಮೆಕಾಂಕಿ ಪ್ಲೇಟಿನ ಗುಲಾಬಿ ಬೆಳವಣಿಗೆಯಿಂದ ಲೂಪ್ ತುಂಬ ತೆಗೆದು ನಾಲ್ಕು ಪರೀಕ್ಷೆಗೂ ಹಾಕಿದ್ದಳು. ಇಂಡೋಲ್ ಪಾಸಿಟಿವ್, ಮೀಥೈಲ್ ರೆಡ್ ಪಾಸಿಟಿವ್, ವೋಗ್ಸ್–ಪ್ರಾಸ್ಕಾವರ್ ಪಾಸಿಟಿವ್, ಸಿಟ್ರೇಟ್ ಪಾಸಿಟಿವ್. ನಾಲ್ಕೂ ಪಾಸಿಟಿವ್ ಇರುವ ಪ್ರಭೇದಕ್ಕಾಗಿ ಮೂರು ದಿನ ಪಟ್ಟಿಗಳನ್ನು ತಡಕಾಡಿದ್ದಳು. ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಎರಡು ಬಗೆ ಕಂಡವು: ಚಪ್ಪಟೆಯಾದ, ಒಣಗಿದಂತಿರುವ ಕಾಲೊನಿ ಒಂದು, ಲೂಪ್ ತಾಗಿಸಿದರೆ ಲೋಳೆಯಾಗಿ ಎಳೆಯುವ ಉಬ್ಬಿದ ಕಾಲೊನಿ ಇನ್ನೊಂದು. ಬೇರೆ ಬೇರೆ ಮಾಡಿದಾಗ ಮೊದಲನೆಯದು ಇ. ಕೋಲೈ, ಎರಡನೆಯದು ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ಆಗಿತ್ತು. ಇ. ಕೋಲೈ ಮೊದಲ ಎರಡಕ್ಕೆ ಪಾಸಿಟಿವ್, ಕ್ಲೆಬ್ಸಿಯೆಲ್ಲ ಕೊನೆಯ ಎರಡಕ್ಕೆ ಪಾಸಿಟಿವ್. ಎರಡನ್ನೂ ಕೂಡಿಸಿದ್ದರಿಂದಲೇ ನಾಲ್ಕೂ ಪಾಸಿಟಿವ್ ಬಂದಿದ್ದವು.

ಆದ್ದರಿಂದ ಒಂದೇ ಒಂದು ಬಿಡಿ ಕಾಲೊನಿಯ ನಡುಭಾಗವನ್ನು ಮುಟ್ಟಿ, ಹೊಸ ಬ್ಲಡ್ ಅಗಾರ್‌ನಲ್ಲಿ ನಾಲ್ಕು ಭಾಗವಾಗಿ ಗೆರೆ ಎಳೆಯಿರಿ, ಪ್ರತಿ ಭಾಗಕ್ಕೂ ಲೂಪನ್ನು ಕೆಂಪಗೆ ಕಾಯಿಸಿ ಆರಿಸಿ. ಮರುದಿನ ಎಲ್ಲ ಕಾಲೊನಿಗಳೂ ಒಂದೇ ಬಗೆಯವಾಗಿದ್ದರೂ ಇನ್ನೊಮ್ಮೆ ಇದೇ ಕೆಲಸ ಮಾಡಿ. ಮೆಕಾಂಕಿಯಿಂದ ಆರಿಸಿದ ಕಾಲೊನಿಯನ್ನು ಶುದ್ಧವೆಂದು ನಂಬಬಾರದು. ಆ ಮಾಧ್ಯಮ, ಮುಂದಿನ ಹಂತದ ಗ್ರಾಂ ಬಣ್ಣದಲ್ಲಿ ನೀಲಿ-ನೇರಳೆಯಾಗಿ ಉಳಿಯುವ ಗ್ರಾಂ ಪಾಸಿಟಿವ್‌ಗಳನ್ನು ತಡೆಹಿಡಿಯುತ್ತದೆಯೇ ಹೊರತು ಕೊಲ್ಲುವುದಿಲ್ಲ, ಕಣ್ಣಿಗೆ ಕಾಣದೆ ಕಾಲೊನಿಯ ಅಡಿಯಲ್ಲಿ ಉಳಿದವು ಬ್ಲಡ್ ಅಗಾರ್ ಸಿಕ್ಕೊಡನೆ ಎದ್ದು ಬರುತ್ತವೆ. ಈ ಹಂತಕ್ಕೆ ಎರಡು ದಿನ ಹೆಚ್ಚು ಹೋದರೂ ಹೋಗಲಿ.

## ಹಂತ 4: ಗ್ರಾಂ ಬಣ್ಣ

ಇದರಲ್ಲಿ ಗ್ರಾಂ ಪಾಸಿಟಿವ್ ನೀಲಿ-ನೇರಳೆಯಾಗಿ, ಗ್ರಾಂ ನೆಗೆಟಿವ್ ಕೆಂಪಾಗಿ ಕಾಣುತ್ತದೆ. 18ರಿಂದ 24 ಗಂಟೆಯ ಕಾಲೊನಿಯೇ ಆಗಬೇಕು. ಹಳೆಯದಾದರೆ ಗ್ರಾಂ ಪಾಸಿಟಿವ್‌ಗಳೂ ಕೆಂಪಾಗಿ ಕಾಣುತ್ತವೆ. ಸ್ಲೈಡಿನ ಮೇಲೆ ತೆಳುವಾದ ಲೇಪ ಹಚ್ಚಿ, ಗಾಳಿಯಲ್ಲಿ ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಬಾರಿ ಹಾಯಿಸಿ. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೊಡಿನ್ ಒಂದು ನಿಮಿಷ, ಬಣ್ಣ ತೆಗೆಯುವ ದ್ರಾವಣ ಕೆಲವೇ ಸೆಕೆಂಡು, ಸಾಫ್ರನಿನ್ ಅರ್ಧದಿಂದ ಒಂದು ನಿಮಿಷ. ತಪ್ಪಾಗುವುದು ಬಣ್ಣ ತೆಗೆಯುವಾಗಲೇ: ಲೇಪ ದಪ್ಪವಾಗಿದ್ದರೆ ನೀಲಿ ಹೋಗುವುದಿಲ್ಲ, ಹೆಚ್ಚು ಹೊತ್ತು ಸುರಿದರೆ ಎಲ್ಲವೂ ಕೆಂಪು. ಅದೇ ಸ್ಲೈಡಿನ ಎರಡು ತುದಿಗೆ ಎರಡು ನಿಯಂತ್ರಣ ತಳಿಗಳ ಲೇಪ ಹಚ್ಚಿಟ್ಟರೆ ಅನುಮಾನ ಅಲ್ಲೇ ತೀರುತ್ತದೆ.

ಸಂದೇಹ ಉಳಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಮಾಡಿ. ಸ್ಲೈಡಿನ ಮೇಲೆ ಒಂದು ಹನಿ ಇಟ್ಟು, ಕಾಲೊನಿಯನ್ನು ಅದರಲ್ಲಿ ಅರ್ಧದಿಂದ ಒಂದು ನಿಮಿಷ ಕಲಸಿ, ಲೂಪನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ಗ್ರಾಂ ನೆಗೆಟಿವ್ ಆಗಿದ್ದರೆ ಜೀವಕೋಶದ ಗೋಡೆ ಒಡೆದು ಡಿ.ಎನ್.ಎ. ಹೊರಬಂದು, ಬೆಲ್ಲದ ಪಾಕದ ಎಳೆಯಂತೆ ಲೂಪಿನ ಹಿಂದೆ ನೂಲು ಎದ್ದು ಬರುತ್ತದೆ. ಗ್ರಾಂ ಪಾಸಿಟಿವ್ ಆಗಿದ್ದರೆ ಹನಿ ನೀರಾಗಿಯೇ ಇರುತ್ತದೆ.

ಬಣ್ಣದೊಂದಿಗೆ ಆಕಾರವನ್ನೂ ಬರೆದಿಡಿ. ಟ್ರುಪರೆಲ್ಲ ಪಯೋಜಿನಿಸ್ ಕ್ಯಾಟಲೇಸ್ ನೆಗೆಟಿವ್, ಹಿಮೊಲಿಸಿಸ್ ಮಾಡುವ ಚಿಕ್ಕ ಕಾಲೊನಿ. ಅದನ್ನು ಗ್ರಾಂ ಬಣ್ಣವಿಲ್ಲದೆ ಸ್ಟ್ರೆಪ್ಟೋಕಾಕಸ್ ಎಂದು ಬರೆದವರನ್ನು ಬಹಳ ನೋಡಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಅದು ಗುಂಡಾಗಿರದೆ ಕಡ್ಡಿಯಂತಿರುತ್ತದೆ.

## ಹಂತ 5: ಕ್ಯಾಟಲೇಸ್ ಮತ್ತು ಆಕ್ಸಿಡೇಸ್

ಗ್ರಾಂ ಪಾಸಿಟಿವ್ ಗುಂಡುಗಳಿಗೆ ಕ್ಯಾಟಲೇಸ್. ಕಾಲೊನಿಯನ್ನು ಮರದ ಕಡ್ಡಿಯಿಂದ ಸ್ಲೈಡಿಗೆ ತೆಗೆದು ಒಂದು ಹನಿ ಪೆರಾಕ್ಸೈಡ್ ಹಾಕಿ. ಕೂಡಲೇ ನೊರೆ ಎದ್ದರೆ ಸ್ಟಫೈಲೋಕಾಕಸ್ ಕಡೆಗೆ, ಇಲ್ಲದಿದ್ದರೆ ಸ್ಟ್ರೆಪ್ಟೋಕಾಕಸ್ ಅಥವಾ ಎಂಟರೋಕಾಕಸ್ ಕಡೆಗೆ ಹೋಗಬೇಕು. ತೆಗೆಯುವಾಗ ಅಗಾರ್ ಕೆರೆದರೆ ರಕ್ತಕಣಗಳಲ್ಲಿರುವ ಕ್ಯಾಟಲೇಸ್ ನೊರೆ ಎಬ್ಬಿಸುತ್ತದೆ. ಕಬ್ಬಿಣದ ಅಂಶವಿರುವ ನೈಕ್ರೋಮ್ ಲೂಪೂ ಹಾಗೆಯೇ ಮೋಸ ಮಾಡುತ್ತದೆ. ಬಾಟಲಿ ಹಳೆಯದಾಗಿದ್ದರೆ ಪಾಸಿಟಿವ್‌ಗೂ ನೊರೆ ಬಾರದು.

ಗ್ರಾಂ ನೆಗೆಟಿವ್‌ಗಳಿಗೆ ಆಕ್ಸಿಡೇಸ್. 10 ಸೆಕೆಂಡಿನೊಳಗೆ ಬರುವ ಗಾಢ ನೇರಳೆಯನ್ನು ಮಾತ್ರ ಪಾಸಿಟಿವ್ ಎಂದು ಪರಿಗಣಿಸಿ. ನಿಮಿಷ ಕಳೆದ ಮೇಲೆ ಗಾಳಿಯಿಂದಲೇ ಬಣ್ಣ ಬರುತ್ತದೆ. ಮೆಕಾಂಕಿಯಿಂದ ನೇರವಾಗಿ ಈ ಪರೀಕ್ಷೆ ಮಾಡಬೇಡಿ, ಲ್ಯಾಕ್ಟೋಸ್ ಹುದುಗಿ ಬಂದ ಆಮ್ಲ ಫಲಿತಾಂಶ ಕೆಡಿಸುತ್ತದೆ.

## ಹಂತ 6: ಗ್ರಾಂ ಪಾಸಿಟಿವ್‌ಗಳ ದಾರಿ

ಕ್ಯಾಟಲೇಸ್ ಪಾಸಿಟಿವ್ ಆದ ಗುಂಡುಗಳಿಗೆ ಕೊಯಾಗುಲೇಸ್ ಪರೀಕ್ಷೆ ಮಾಡಬೇಕು. ಸ್ಲೈಡ್ ವಿಧಾನ ಬೇಗ ಮುಗಿಯುತ್ತದೆ, ಆದರೆ ತಾನಾಗಿಯೇ ಗಂಟುಕಟ್ಟುವ ತಳಿಗಳಿರುವುದರಿಂದ ಟ್ಯೂಬ್ ವಿಧಾನವನ್ನೇ ನಾನು ನಂಬುತ್ತೇನೆ. ಅರ್ಧ ಮಿಲಿಲೀಟರ್ ಪ್ಲಾಸ್ಮಾಗೆ ಕಾಲೊನಿ ಕಲಸಿ 37 ಡಿಗ್ರಿಯಲ್ಲಿ ಇಟ್ಟು, ನಾಲ್ಕು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿ ನೋಡಿ. ಮೊಸರು ಕೂತಂತೆ ಪ್ಲಾಸ್ಮಾ ಅಲುಗದೆ ನಿಂತರೆ ಪಾಸಿಟಿವ್. ಸಂಜೆ ಇಟ್ಟು ಬೆಳಿಗ್ಗೆ ಬಂದು ನೋಡುವವರು ಎಡವುವುದು ಇಲ್ಲೇ. ಕೆಲವು ತಳಿಗಳು ಕಟ್ಟಿದ ಹೆಪ್ಪನ್ನು ತಾವೇ ಕರಗಿಸುತ್ತವೆ, ಬೆಳಗಾಗುವಾಗ ಟ್ಯೂಬ್ ಮತ್ತೆ ನೀರಾಗಿರುತ್ತದೆ, ವರದಿಯಲ್ಲಿ ನೆಗೆಟಿವ್ ಎಂದು ಬೀಳುತ್ತದೆ. ನಾಲ್ಕು ಗಂಟೆಗೂ ಕಟ್ಟದಿದ್ದದ್ದನ್ನು ಮಾತ್ರ 24 ಗಂಟೆಗೆ ಮತ್ತೆ ನೋಡಿ. ಸಿಟ್ರೇಟ್ ಹಾಕಿದ ಪ್ಲಾಸ್ಮಾ ಬೇಡ, ಎಂಟರೋಕಾಕಸ್‌ನಂಥವು ಸಿಟ್ರೇಟನ್ನು ಬಳಸಿಕೊಂಡು ಹೆಪ್ಪು ಕಟ್ಟಿಸಬಲ್ಲವು.

ಹಸುವಿನ ಹಾಲಿನಲ್ಲಿ ಕೊಯಾಗುಲೇಸ್ ಪಾಸಿಟಿವ್ ಎಂದರೆ ಹೆಚ್ಚಾಗಿ ಸ್ಟಫೈಲೋಕಾಕಸ್ ಆರಿಯಸ್. ಬ್ಲಡ್ ಅಗಾರ್‌ನಲ್ಲಿ ಒಳಗೆ ಪೂರ್ತಿ ತಿಳಿಯಾದ ವಲಯ, ಹೊರಗೆ ಮಸುಕಾದ ಇನ್ನೊಂದು ವಲಯ ಎಂಬ ಜೋಡಿ ಹಿಮೊಲಿಸಿಸ್ ಇದ್ದರೆ ಅದಕ್ಕೆ ಬಲ ಬರುತ್ತದೆ. ಆದರೆ ಸ್ಟಫೈಲೋಕಾಕಸ್ ಹೈಕಸ್‌ನ ಕೆಲವು ತಳಿಗಳೂ ಕೊಯಾಗುಲೇಸ್ ತೋರಿಸುತ್ತವೆ, ನಾಯಿಯಿಂದ ಬರುವ ಸ್ಟಫೈಲೋಕಾಕಸ್ ಸ್ಯೂಡಿಂಟರ್ಮೀಡಿಯಸ್ ಕೂಡ. ಹಾಗಾಗಿ ಕೊಯಾಗುಲೇಸ್ ಒಂದನ್ನೇ ನೋಡಿ ಪ್ರಭೇದದ ಹೆಸರು ಬರೆಯಬಾರದು.

ಕ್ಯಾಟಲೇಸ್ ನೆಗೆಟಿವ್ ಗುಂಡುಗಳಿಗೆ ಕ್ಯಾಂಪ್ (ಎರಡು ಬ್ಯಾಕ್ಟೀರಿಯಾ ಸೇರಿ ರಕ್ತಕಣ ಒಡೆಯುವುದನ್ನು ನೋಡುವ ಪರೀಕ್ಷೆ) ಮತ್ತು ಎಸ್ಕ್ಯುಲಿನ್ (ಆ ವಸ್ತುವನ್ನು ಒಡೆದರೆ ಮಾಧ್ಯಮ ಕಪ್ಪಾಗುವ ಪರೀಕ್ಷೆ) ಒಟ್ಟಿಗೆ ಬೇಕು. ಕ್ಯಾಂಪ್‌ನಲ್ಲಿ ಬೀಟಾ ಟಾಕ್ಸಿನ್ ಉತ್ಪಾದಿಸುವ ಸ್ಟಫೈಲೋಕಾಕಸ್ ಆರಿಯಸ್‌ನ ಒಂದು ಗೆರೆ ಎಳೆದು, ಅದಕ್ಕೆ ಲಂಬವಾಗಿ ನಿಮ್ಮ ತಳಿಯ ಗೆರೆಯನ್ನು 3ರಿಂದ 4 ಮಿಲಿಮೀಟರ್ ಅಂತರ ಬಿಟ್ಟು ನಿಲ್ಲಿಸಿ. ಮರುದಿನ ಎರಡು ಗೆರೆ ಸಮೀಪಿಸುವಲ್ಲಿ ಬಾಣದ ಮೊನೆಯಂತೆ ತಿಳಿಯಾದ ಜಾಗ ಕಂಡರೆ ಪಾಸಿಟಿವ್. ಗೆರೆಗಳು ತಾಗಿದ್ದರೆ ಆ ಪ್ಲೇಟನ್ನು ಓದಬೇಡಿ, ಮತ್ತೆ ಮಾಡಿ. ಕ್ಯಾಂಪ್ ಪಾಸಿಟಿವ್, ಎಸ್ಕ್ಯುಲಿನ್ ನೆಗೆಟಿವ್ ಎಂದರೆ ಸ್ಟ್ರೆಪ್ಟೋಕಾಕಸ್ ಅಗಲ್ಯಾಕ್ಟಿಯೆ. ಎರಡೂ ನೆಗೆಟಿವ್ ಎಂದರೆ ಸ್ಟ್ರೆಪ್ಟೋಕಾಕಸ್ ಡಿಸ್ಅಗಲ್ಯಾಕ್ಟಿಯೆ ಇರಬಹುದು. ಎಸ್ಕ್ಯುಲಿನ್ ಕಪ್ಪಾದರೆ ಸ್ಟ್ರೆಪ್ಟೋಕಾಕಸ್ ಯೂಬೆರಿಸ್ ಅಥವಾ ಎಂಟರೋಕಾಕಸ್, ಅವೆರಡನ್ನು ಶೇಕಡ 6.5 ಉಪ್ಪಿನ ಬ್ರಾತ್‌ನಲ್ಲಿ ಬೆಳೆಸಿ ನೋಡಬೇಕು. ಅದರಲ್ಲಿ ಚೆನ್ನಾಗಿ ಬೆಳೆಯುವುದು ಎಂಟರೋಕಾಕಸ್. ಯೂಬೆರಿಸ್‌ನ ಕೆಲವು ತಳಿಗಳು ಕ್ಯಾಂಪ್ ಪಾಸಿಟಿವ್ ಆಗಿರುವುದರಿಂದಲೇ ಎಸ್ಕ್ಯುಲಿನ್ ಬಿಟ್ಟು ಕ್ಯಾಂಪ್ ಒಂದನ್ನೇ ಓದಬಾರದು ಎನ್ನುವುದು.

## ಹಂತ 7: ಗ್ರಾಂ ನೆಗೆಟಿವ್‌ಗಳ ದಾರಿ

ಆಕ್ಸಿಡೇಸ್ ನೆಗೆಟಿವ್ ಆಗಿ, ಮೆಕಾಂಕಿಯಲ್ಲಿ ಗುಲಾಬಿ ಬಂದಿದ್ದರೆ ಟಿ.ಎಸ್.ಐ., ಚಲನೆ ಮತ್ತು ಹಿಂದೆ ಹೇಳಿದ ನಾಲ್ಕು ಪರೀಕ್ಷೆ. ಇ. ಕೋಲೈ ಚಲಿಸುತ್ತದೆ, ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ಚಲಿಸದು.

ಟಿ.ಎಸ್.ಐ.ಯನ್ನು 18ರಿಂದ 24 ಗಂಟೆಯೊಳಗೆ ಓದಿ, ಮುಚ್ಚಳ ಸಡಿಲವಿರಲಿ. ತಡವಾದರೆ ಓರೆಭಾಗದ ಹಳದಿ ಮತ್ತೆ ಕೆಂಪಾಗುತ್ತದೆ. ಮೀಥೈಲ್ ರೆಡ್‌ಗೆ ಕನಿಷ್ಠ 48 ಗಂಟೆ ಬೇಕು. ವೋಗ್ಸ್–ಪ್ರಾಸ್ಕಾವರ್‌ಗೆ ಮೊದಲು ಆಲ್ಫಾ ನಾಫ್ತಾಲ್, ಆಮೇಲೆ ಶೇಕಡ 40ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಈ ಕ್ರಮ ತಪ್ಪಿದರೆ ಬಣ್ಣ ಪೇಲವವಾಗಿ ಬರುತ್ತದೆ. ಒಂದು ಗಂಟೆ ದಾಟಿದ ಮೇಲೆ ಬರುವ ಬಣ್ಣವನ್ನು ಓದಬೇಡಿ. ಸಿಟ್ರೇಟ್‌ಗೆ ಸೂಜಿಯ ತುದಿಯಷ್ಟು ಮಾತ್ರ ಹಾಕಿ, ಬ್ರಾತ್‌ನಿಂದ ಹಾಕಿದರೆ ಜೊತೆಗೆ ಹೋದ ಪೋಷಕಾಂಶದಿಂದಲೇ ಬೆಳೆದುಬಿಡುತ್ತದೆ.

## ಕೆಲಸ ಅಲ್ಲೇ ನಿಲ್ಲಿಸಬೇಕಾದ ಸೂಚನೆಗಳು

ಪ್ಲೇಟಿನ ಮುಚ್ಚಳ ತೆಗೆದು ಮೂಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಹಳೆಯ ಪುಸ್ತಕಗಳಲ್ಲಿ ವಾಸನೆಯನ್ನು ಲಕ್ಷಣವಾಗಿ ಬರೆದಿದ್ದಾರೆ, ಆದರೆ ಕೆಳಗೆ ಹೇಳುವ ಎರಡು ಬ್ಯಾಕ್ಟೀರಿಯಾಗಳೂ ಗಾಳಿಯ ಮೂಲಕ ಹರಡಿ ಪ್ರಯೋಗಾಲಯದವರಿಗೆ ಅಂಟಬಲ್ಲವು.

ಗರ್ಭಪಾತವಾದ ಹಸುವಿನ ಹಾಲು ಅಥವಾ ಕಸದಿಂದ (ಮಾಸಿನಿಂದ) ನಿಧಾನವಾಗಿ, ಎರಡು ಮೂರು ದಿನಕ್ಕೆ ಕಾಣಿಸಿಕೊಳ್ಳುವ, ಸಣ್ಣ ಗ್ರಾಂ ನೆಗೆಟಿವ್ ಗುಂಡುಕಡ್ಡಿಗಳು, ಆಕ್ಸಿಡೇಸ್ ಪಾಸಿಟಿವ್, ಯೂರಿಯೇಸ್ ಬೇಗ ಪಾಸಿಟಿವ್ ಎಂದಾದರೆ ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲ ಎಂದು ಭಾವಿಸಿ ಪ್ಲೇಟನ್ನು ಟೇಪ್ ಸುತ್ತಿ ಮುಚ್ಚಿ. ಸಿದ್ಧ ಕಿಟ್‌ಗಳು ಇದಕ್ಕೆ ಬೇರೆ ಹೆಸರು ಕೊಟ್ಟ ಪ್ರಸಂಗಗಳಿವೆ, ಕಿಟ್ ಹೇಳಿತೆಂದು ಸಮಾಧಾನಪಡಬೇಡಿ.

ಎರಡನೆಯದು ನಮ್ಮ ಕರಾವಳಿಯವರು ಮರೆಯಲೇಬಾರದ್ದು. ಮೆಲಿಯಾಯ್ಡೋಸಿಸ್ ಎಂಬ ಸೋಂಕಿನ ರೋಗಿಗಳನ್ನು ಮಣಿಪಾಲದ ವೈದ್ಯರು ವರ್ಷಗಳಿಂದ ವರದಿ ಮಾಡುತ್ತಿದ್ದಾರೆ, ಹೆಚ್ಚಿನವರು ಮಳೆಗಾಲದಲ್ಲಿ ಬರುತ್ತಾರೆ. ಇದರ ಕಾರಣ ಬರ್ಕ್‌ಹೋಲ್ಡೇರಿಯ ಸ್ಯೂಡೋಮ್ಯಾಲಿಯೈ ಮಣ್ಣು–ನೀರಿನಲ್ಲಿ ಇರುತ್ತದೆ, ಆಡು, ಕುರಿ, ಹಂದಿಗಳಿಗೆ ಸುಲಭವಾಗಿ ತಗಲುತ್ತದೆ, ಆಡಿನ ಕೆಚ್ಚಲಿಗೂ ಬರುತ್ತದೆ. ಮೊದಲ ದಿನ ನಯವಾದ ಸಣ್ಣ ಕಾಲೊನಿ, 48ರಿಂದ 72 ಗಂಟೆಗೆ ಒಣಗಿ ಸುಕ್ಕುಗಟ್ಟಿದ ಕಾಲೊನಿ, ಆಕ್ಸಿಡೇಸ್ ಪಾಸಿಟಿವ್, ಗ್ರಾಂ ನೆಗೆಟಿವ್ ಕಡ್ಡಿಯ ಎರಡು ತುದಿ ಮಾತ್ರ ಬಣ್ಣ ಹಿಡಿದಿರುವುದು, ಕೊಲಿಸ್ಟಿನ್ ಮತ್ತು ಜೆಂಟಾಮೈಸಿನ್ ಎರಡಕ್ಕೂ ಜಗ್ಗದಿರುವುದು ಇದರ ಗುರುತುಗಳು. 'ಸ್ಯೂಡೋಮೊನಾಸ್, ಕಲುಷಿತ' ಎಂದು ಬರೆದು ಎಸೆಯುವ ಪ್ಲೇಟುಗಳಲ್ಲಿ ಇದು ಅಡಗಿರಬಹುದು.

ಎರಡೂ ಸಂದರ್ಭದಲ್ಲಿ ಮುಂದಿನ ಪರೀಕ್ಷೆಗಳನ್ನು ಬಯಲು ಮೇಜಿನ ಮೇಲೆ ಮಾಡಬೇಡಿ. ಪಶುವೈದ್ಯಾಧಿಕಾರಿಗೆ ತಿಳಿಸಿ, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೇಗೆ ಕಳಿಸಬೇಕೆಂದು ಕೇಳಿಕೊಂಡೇ ಮುಂದುವರಿಯಿರಿ. ಬಳಸಿದ ಪ್ಲೇಟುಗಳನ್ನು ಆಟೊಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ ಇಡದೆ ಹೊರಗೆ ಹಾಕುವಂತಿಲ್ಲ. ಮನೆಮನೆಯಲ್ಲೂ ಬಾವಿ ನೀರು ಕುಡಿಯುವ ಊರು ನಮ್ಮದು.

## ಹಂತ 8: ಯಂತ್ರಕ್ಕೆ ಅಥವಾ ಜೀನ್ ಪರೀಕ್ಷೆಗೆ ಕಳಿಸುವುದು

ಕೊಯಾಗುಲೇಸ್ ನೆಗೆಟಿವ್ ಸ್ಟಫೈಲೋಕಾಕಸ್‌ಗಳ ಪ್ರಭೇದ ಬೇಕಾದಾಗ ಮೇಲಿನ ಪರೀಕ್ಷೆಗಳು ಸಾಲುವುದಿಲ್ಲ. ಮಾಲ್ಡಿ–ಟಾಫ್ ಯಂತ್ರ ಕಾಲೊನಿಯ ಪ್ರೋಟೀನುಗಳ ತೂಕದ ಮಾದರಿಯನ್ನು ತನ್ನ ಸಂಗ್ರಹದೊಂದಿಗೆ ಹೋಲಿಸುತ್ತದೆ. ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 2.0 ಮತ್ತು ಮೇಲಿನ ಅಂಕವನ್ನು ಪ್ರಭೇದಕ್ಕೆ, 1.7ರಿಂದ 1.99ರವರೆಗಿನದನ್ನು ಕುಲಕ್ಕೆ ಮಾತ್ರ ಒಪ್ಪುತ್ತಾರೆ. 16ಎಸ್ ಜೀನ್ (ಬ್ಯಾಕ್ಟೀರಿಯಾ ಗುರುತಿಸಲು ಓದಿಸುವ ಜೀನ್) ಸುಮಾರು 1,500 ಅಕ್ಷರಗಳಷ್ಟು ಉದ್ದ. ಅದರ ಒಂದು ತುಂಡನ್ನಷ್ಟೇ ಓದಿಸಿ ಪ್ರಭೇದ ಹೇಳುವುದು ಅವಸರವಾದೀತು. ಇ. ಕೋಲೈ ಮತ್ತು ಶಿಗೆಲ್ಲಗಳನ್ನು ಈ ಜೀನ್ ಪೂರ್ತಿ ಓದಿದರೂ ಬೇರ್ಪಡಿಸಲಾಗದು. ಎರಡು ವಿಧಾನಗಳಿಗೂ ಹಂತ 3ರ ಶುದ್ಧ, ತಾಜಾ ಕಾಲೊನಿಯೇ ಬೇಕು.

## ಹಂತ 9: ವರದಿ ಮತ್ತು ದಾಸ್ತಾನು

ಪರೀಕ್ಷೆಗಳು ಎಲ್ಲಿಯವರೆಗೆ ಸಾಕ್ಷ್ಯ ಕೊಡುತ್ತವೆಯೋ ಅಲ್ಲಿಯವರೆಗಿನ ಹೆಸರನ್ನು ಮಾತ್ರ ಬರೆಯಿರಿ. 'ಕೊಯಾಗುಲೇಸ್ ನೆಗೆಟಿವ್ ಸ್ಟಫೈಲೋಕಾಕಸ್' ಎಂಬುದು ಪೂರ್ಣ ಪ್ರಮಾಣದ ಉತ್ತರ, ಅದರ ಮುಂದೆ ಊಹೆಯ ಪ್ರಭೇದ ಸೇರಿಸಬೇಕಾಗಿಲ್ಲ. ಯಾವ ತೊಟ್ಟು, ಎಷ್ಟು ಬಗೆಯ ಕಾಲೊನಿ, ಯಾವ ಪರೀಕ್ಷೆಗೆ ಏನು ಬಂತು, ಅಂದು ನಿಯಂತ್ರಣ ತಳಿಗಳು ಸರಿಯಿದ್ದವೇ ಎಂಬುದನ್ನೂ ದಾಖಲಿಸಿ.

ಕೊನೆಯದಾಗಿ, ಶುದ್ಧ ತಳಿಯನ್ನು ಶೇಕಡ 15ರಿಂದ 20 ಗ್ಲಿಸರಾಲ್ ಇರುವ ಬ್ರಾತ್‌ನಲ್ಲಿ ಎರಡು ಟ್ಯೂಬ್ ಮಾಡಿ ಮೈನಸ್ 70 ಡಿಗ್ರಿಯಲ್ಲಿ ಇಡಿ. ಮಳೆಗಾಲದ ಕರೆಂಟು ಕೈಕೊಡುವುದರಿಂದ ಎರಡನೆಯ ಟ್ಯೂಬನ್ನು ಜನರೇಟರ್ ಇರುವ ಇನ್ನೊಂದು ಕಡೆ ಇಡುವ ವ್ಯವಸ್ಥೆ ಮಾಡಿ, ಟ್ಯೂಬಿನ ಮೇಲೆ ಹಸುವಿನ ಕಿವಿ ಬಿಲ್ಲೆಯ ಸಂಖ್ಯೆ, ತೊಟ್ಟು ಮತ್ತು ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೊಹಾಲ್ ತಾಗಿದರೆ ಅಳಿಸಿಹೋಗುತ್ತದೆ.